ಸತ್ತ ಶಬ್ದಗಳ ಮಾಸ್ತರರು

ಹೋದ ಭಾನುವಾರ ಬೆಳಿಗ್ಗೆ ಮಾಟುಂಗದ ನಮ್ಮ ಮನೆಯಲ್ಲಿ ನಾನು ಕೊತ್ತಂಬರಿ ಸೊಪ್ಪು ಬಿಡಿಸುತ್ತ ಕೂತಿದ್ದೆ. ಬಾಗಿಲು ತೆರೆದೇ ಇತ್ತು. ಹೊರಗೆ ಯಾರೋ ನಿಂತ ಹಾಗಾಯಿತು. ತಲೆಯೆತ್ತಿ ನೋಡಿದರೆ ಸಂಜೀವ, ನನ್ನ ಹಳೆಯ ವಿದ್ಯಾರ್ಥಿ. ಬಾಗಿಲ ತುಂಬ ಆಗುವಂಥ ಆಳು. ನಮ್ಮ ಮನೆಗೆ ಅವನು ಹೊಸಬನಲ್ಲ. ಬಂದವನೇ ಸೀದಾ ಒಳಗೆ ಹೋಗಿ ಹೂಜಿಯಿಂದ ನೀರು ಬಗ್ಗಿಸಿಕೊಂಡು ಕುಡಿಯುವಷ್ಟು ಸಲಿಗೆ. ಅಂಥವನು ಅವತ್ತು ಚಪ್ಪಲಿ ಕಳಚಿಟ್ಟು, ಹೊಸಿಲಿನಾಚೆಗೇ ಕೈಕಟ್ಟಿ ನಿಂತು, “ಮೇ ಐ ಕಮ್ ಇನ್, ಟೀಚರ್?” ಎಂದ.

ಮಾಸ್ತರರು ಹೋದರು ಎನ್ನುವುದು ಅವನು ಬಾಯಿಬಿಟ್ಟು ಹೇಳುವ ಮೊದಲೇ ಗೊತ್ತಾಗಿಬಿಟ್ಟಿತು. ಹೀಗೆ ಅಪ್ಪಣೆ ಕೇಳುವುದನ್ನು ಅವನಿಗೆ ಕಲಿಸಿದವರು ಅವರೇ.

ಧಾರವಾಡದಿಂದ ಅವರ ಅಕ್ಕನ ಮಗ ಯಾರ ಕೈಯಲ್ಲೋ ಹೇಳಿಕಳಿಸಿದ್ದನಂತೆ. ಹೆಚ್ಚು ನರಳಲಿಲ್ಲವಂತೆ. ಬಾ ಎಂದ ಮೇಲೆ ಒಳಗೆ ಬಂದ ಸಂಜೀವ ಇಷ್ಟು ಹೇಳಿ ಗೋಡೆಗೊರಗಿ ಕೂತ. ನಾನು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಅಳು ಬರುತ್ತಿತ್ತು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಫೋರ್ಟಿನ ಒಂದು ಅಚ್ಚುಕೂಟದಲ್ಲಿ ಆಯುಷ್ಯವಿಡೀ ಇಂಗ್ಲಿಷ್ ಪ್ರೂಫ್ ತಿದ್ದಿದ ಮನುಷ್ಯ. ಅಚ್ಚಾದದ್ದು ಏನು ಕಂಡರೂ ತಪ್ಪು ಹುಡುಕುವ ಚಾಳಿ. “ನನ್ನ ಹೆಸರ ಎಲ್ಲ್ಯರೆ ಅಚ್ಚಾದ್ರ ಅದರಾಗೂ ಒಂದು ತಪ್ಪ ಇದ್ದಽ ಇರತದ, ಬಿಡ್ರಿ,” ಎನ್ನುತ್ತಿದ್ದರು. ಹಾಗಾಗಿ ಮಾಸ್ತರರು ಎಂದರೆ ಸಾಕು. ನಾವೆಲ್ಲ ಕರೆಯುತ್ತಿದ್ದದ್ದೂ ಹಾಗೆಯೇ.

ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರ ನಮ್ಮ ಕಡೆಯವರದೊಂದು ಹೋಟೆಲಿತ್ತು. ಅದರ ಮಾಳಿಗೆಯ ಉದ್ದನೆಯ ಕೋಣೆಯನ್ನು ಧಣಿಗಳು ನಮ್ಮ ರಾತ್ರಿ ಶಾಲೆಗೆ ಬಿಟ್ಟುಕೊಟ್ಟಿದ್ದರು. ಹೆಸರಿಗೆ ರಾತ್ರಿ ಶಾಲೆ. ಶುರುವಾಗುತ್ತಿದ್ದದ್ದು ದೀಪ ಹಚ್ಚುವ ಹೊತ್ತಿಗೆ. ವಿದ್ಯಾರ್ಥಿಗಳೆಲ್ಲ ಮೀಸೆ ಬಂದವರು. ಬೆಳಗಿನ ಜಾವಕ್ಕೆದ್ದು ದುಡಿದು, ಸಂಜೆ ಮುಖ ತೊಳೆದು, ತಲೆಗೆ ಎಣ್ಣೆ ಹಚ್ಚಿ ಬರುತ್ತಿದ್ದ ಸಪ್ಲೈಯರ್‌ಗಳು, ಅಡುಗೆಯವರು, ಮುಂದೆಂದಾದರೂ ದುಡ್ಡಿನ ಗಲ್ಲೆಯ ಮೇಲೆ ಕೂರುವ ಆಸೆಯಿದ್ದವರು. ಹೆಚ್ಚಿನವರು ಉಡುಪಿ, ಕಾರ್ಕಳದ ಕಡೆಯವರು. ಕಟ್ಟಡದ ಕೆಲಸಕ್ಕೆ ಬಂದ ವಿಜಾಪುರದವರೂ ಕೆಲವರಿದ್ದರು. ನಾನು ಹಗಲು ವಿಕ್ರೋಳಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಟೈಪಿಸ್ಟು. ಸಂಜೆ ದಾದರಿನಲ್ಲಿ ಲೋಕಲ್ ಬದಲಿಸಿ ಬಂದು ಇವರಿಗೆ ಲೆಕ್ಕ ಹೇಳಿಕೊಡುತ್ತಿದ್ದೆ. ಮಾಸ್ತರರದು ಇಂಗ್ಲಿಷು. ಮಾಳಿಗೆಗೆ ಇದ್ದದ್ದು ಒಂದೇ ಮರದ ಮೆಟ್ಟಿಲು, ಅದು ಇಳಿಯುತ್ತಿದ್ದದ್ದು ಹೋಟೆಲಿನ ಪಕ್ಕದ ಬಾಗಿಲಿಗೆ. ಬೇರೆ ದಾರಿ ಇರಲಿಲ್ಲ.

ಮೊದಲ ಸಲ ಅವರನ್ನು ಕಂಡಾಗ ನನಗೆ ನಗು ತಡೆಯಲಾಗಲಿಲ್ಲ. ಒಣಕಲು ದೇಹ, ಮೈಗಿಂತ ದೊಡ್ಡ ಕೋಟು, ಕಂಕುಳಲ್ಲಿ ಕೊಡೆ. ಮೆಟ್ಟಿಲು ಹತ್ತಿ ಬಂದರೆ ಎದೆ ತಿದಿಯ ಹಾಗೆ ಏಳುತ್ತಿತ್ತು. ಬಾಗಿಲ ಹತ್ತಿರ ನಿಂತು ಸುಧಾರಿಸಿಕೊಂಡು, ಜೇಬಿನಿಂದ ಲವಂಗ ತೆಗೆದು ಬಾಯಿಗೆ ಹಾಕಿಕೊಳ್ಳುವರು. ಆಮೇಲೆ, ತಮ್ಮದೇ ತರಗತಿಯ ಬಾಗಿಲಲ್ಲಿ, ತಮ್ಮದೇ ವಿದ್ಯಾರ್ಥಿಗಳ ಮುಂದೆ ನೆಟ್ಟಗೆ ನಿಂತು, “ಮೇ ಐ ಕಮ್ ಇನ್?” ಎಂದು ಕೇಳುವರು. ಕೋಣೆಯೆಲ್ಲ ಒಂದೇ ಗಂಟಲಿನಲ್ಲಿ “ಯೂ ಮೇ ಕಮ್ ಇನ್, ಸರ್!” ಎಂದು ಕೂಗಿದ ಮೇಲೆಯೇ ಒಳಗೆ ಕಾಲಿಡುವುದು.

ಇದು ಅವರ ಕಟ್ಟುನಿಟ್ಟಿನ ನಿಯಮ. ಒಳಗೆ ಬರುವವರು, ಹೊರಗೆ ಹೋಗುವವರು, ಯಾರಾದರೂ ಸರಿ, ಎದ್ದು ನಿಂತು ಇಂಗ್ಲಿಷಿನಲ್ಲಿ ಪೂರ್ತಿ ವಾಕ್ಯ ಹೇಳಿ ಕೇಳಬೇಕು. ಕೇಳಿದರಷ್ಟೇ ಸಾಲದು, ಉತ್ತರ ಬರುವ ತನಕ ಕಾಯಬೇಕು. ಉತ್ತರ ಬರದಿದ್ದರೆ ನಿಂತಲ್ಲೇ ನಿಂತಿರಬೇಕು. ಒಮ್ಮೆ ನನ್ನ ಪಾಠ ನಡೆಯುತ್ತಿದ್ದಾಗ ಮರೆತುಹೋದ ಕೊಡೆಗಾಗಿ ಅವರು ವಾಪಸು ಬಂದರು. ನಾನು ಬೋರ್ಡಿನ ಕಡೆ ತಿರುಗಿದ್ದೆ, ಅವರು ಕೇಳಿದ್ದು ಕಿವಿಗೆ ಬೀಳಲಿಲ್ಲ. ಭಾಗಾಕಾರ ಮುಗಿಸಿ ತಿರುಗಿ ನೋಡಿದರೆ ಮನುಷ್ಯ ಇನ್ನೂ ಹೊಸಿಲಾಚೆ ಇದ್ದರು. ವಿದ್ಯಾರ್ಥಿಗಳು ಮುಸಿಮುಸಿ ನಗುತ್ತಿದ್ದರು.

“ಏನು ಮಾಸ್ತರೇ, ನಿಮ್ಮ ಕೊಡೆ ನೀವು ತೆಗೆದುಕೊಳ್ಳೋಕೂ ಅಪ್ಪಣೆಯೇ?” ಎಂದು ರೇಗಿದೆ.

“ಕೊಡಿ ನಂದು ಖರೆ ಬಾಯಾರ. ಕ್ಲಾಸು ಈಗ ನಿಮ್ಮದು,” ಎಂದರು. ಟೀಚರನ್ನು ಅವರ ಧಾರವಾಡದ ಕಡೆ ಬಾಯಾರು ಎನ್ನುವುದು.

ಈ ವಿದ್ಯಾರ್ಥಿಗಳಿಗೆ ದಿನವಿಡೀ “ಏ ಈಕಡೆ ಬಾ, ಏ ಆಕಡೆ ಹೋಗು” ಎಂದು ಹೇಳುವವರೇ ಎಲ್ಲರೂ. ದಿನದಲ್ಲಿ ಒಂದು ಹೊತ್ತಾದರೂ ಇವರನ್ನು ಕೇಳಿ ಒಳಗೆ ಬರುವವನು ಒಬ್ಬ ಇರಲಿ ಎನ್ನುವುದು ಅವರ ವಾದ. ನನಗೆ ಆಗ ಅದು ಬರೀ ನಾಟಕ ಅನ್ನಿಸುತ್ತಿತ್ತು.

ನಮ್ಮ ನಿಜವಾದ ಜಗಳ ಬೇರೆ. ಅವರಿಗೆ ಸತ್ತ ಶಬ್ದಗಳ ಹುಚ್ಚು. ಈಗ ಯಾರೂ ಆಡದ, ಎಲ್ಲೂ ಬರೆಯದ ಇಂಗ್ಲಿಷ್ ಶಬ್ದಗಳು ಪ್ರೂಫಿನಲ್ಲಿ ಎಲ್ಲಾದರೂ ಕಣ್ಣಿಗೆ ಬಿದ್ದರೆ ಸಾಕು, ಅಚ್ಚುಕೂಟದ ದೊಡ್ಡ ಡಿಕ್ಷನರಿ ಬಿಚ್ಚಿ ಅದರ ಕುಲಗೋತ್ರ ಜಾಲಾಡಿ, ಸಂಜೆ ತಂದು ಇವರ ಮುಂದೆ ಹಾಸುವರು. ಯಾವ ಊರಲ್ಲಿ ಹುಟ್ಟಿತು, ಯಾರ ಮನೆಯಲ್ಲಿ ಬೆಳೆಯಿತು, ಹೇಗೆ ಕೆಟ್ಟಿತು, ಯಾವಾಗ ಸತ್ತಿತು. ಹೇಳುವುದೂ ತಲೆಕೆಳಗಾಗಿ: ಮೊದಲು ಸಾವು, ಕಡೆಗೆ ಹುಟ್ಟು.

“ಪಾಪ, ಇವರಿಗೆ ರಸೀದಿ ಬರೆಯೋಕೆ, ಅರ್ಜಿ ತುಂಬೋಕೆ ಇಂಗ್ಲಿಷ್ ಬೇಕು. ನೀವು ಸ್ಮಶಾನ ತೋರಿಸ್ತೀರಿ,” ಎಂದು ನಾನು ಹಂಗಿಸಿದ್ದೆ.

“ರಸೀದಿನೂ ಕಲಸ್ತೀನ್ರಿ. ಆದರ ರಸೀದಿ ಅಂದ್ರ ಇವರು ಹೆದರತಾರ. ತಪ್ಪಾದ್ರ ಯಾರರೆ ಬೈತಾರಂತ. ಸತ್ತ ಶಬ್ದಕ್ಕ ಪರೀಕ್ಷಿ ಇಲ್ಲ, ಬೈಯವ್ರೂ ಇಲ್ಲ. ಅದರ ಮುಂದ ಆರಾಮ ಕೂಡ್ರತಾರ, ನೋಡ್ರಿ.”

ನಿಜ ಹೇಳಬೇಕೆಂದರೆ ಕೂರುತ್ತಿದ್ದರು. ನನ್ನ ಲೆಕ್ಕದ ಹೊತ್ತಿಗೆ ತೂಕಡಿಸುವವರು ಅವರ ಶಬ್ದದ ಕಥೆಗೆ ಬಾಯಿಬಿಟ್ಟುಕೊಂಡು ಕೂರುತ್ತಿದ್ದರು. ಅದು ನನಗೆ ಹೊಟ್ಟೆಕಿಚ್ಚಿನ ವಿಷಯವೂ ಆಗಿತ್ತು.

ಹಾಗೆ ಬಂದ ಶಬ್ದಗಳಲ್ಲಿ ಒಂದು “ಥ್ಯೂ.” ಹಳೆಯ ಸಾಹಸದ ಕಾದಂಬರಿಯೊಂದರ ಮರುಮುದ್ರಣದ ಪ್ರೂಫಿನಲ್ಲಿ ಅವರಿಗೆ ಸಿಕ್ಕಿದ್ದು. ಬೋರ್ಡಿನ ಮೇಲೆ ದೊಡ್ಡದಾಗಿ ಟಿ-ಎಚ್-ಇ-ಡಬ್ಲ್ಯೂ ಎಂದು ಬರೆದು, “ಇದರರ್ಥ ಮೈಕಸುವು. ತೋಳಿನ ಖಂಡದಾಗ ಇರೋ ಶಕ್ತಿ,” ಎಂದರು. ಇಡೀ ಕ್ಲಾಸು ಹಿಂದಿನ ಬೆಂಚಿನ ಕಡೆ ತಿರುಗಿತು. ಅಲ್ಲಿ ಸಂಜೀವ ಕೂತಿದ್ದ.

ಸಂಜೀವ ಕೆಳಗಿನ ಹೋಟೆಲಿನಲ್ಲಿ ಹಿಟ್ಟು ಕಡೆಯುವವನು, ಎಂದರೆ ರುಬ್ಬುವವನು. ಇಡ್ಲಿಯ ಉದ್ದು, ದೋಸೆಯ ಅಕ್ಕಿ, ಚಟ್ನಿಯ ಕಾಯಿ, ಎಲ್ಲವೂ ಅವನ ಕೈಯಿಂದ ಆಗಬೇಕು. ಆ ಕಡೆಯುವ ಕಲ್ಲಿನ ಗುಂಡನ್ನು ಬೇರೆಯವರು ಇಬ್ಬರು ಸೇರಿ ಅಲುಗಿಸುತ್ತಿದ್ದರು. ಇವನು ಒಂದು ಕೈಯಲ್ಲಿ ತಿರುಗಿಸುತ್ತ ಇನ್ನೊಂದು ಕೈಯಲ್ಲಿ ಹಿಟ್ಟು ಒಳಗೆ ತಳ್ಳುವನು. ತೋಳುಗಳು ಬಾಳೆಯ ದಿಂಡಿನ ಹಾಗೆ. ಮಾತು ಕಡಿಮೆ, ಸಿಟ್ಟು ಜಾಸ್ತಿ. ಒಮ್ಮೆ ಅಕ್ಕಿ ಹಾಕುವ ಕೂಲಿಯವನು ಅವನ ತಾಯಿಯ ಹೆಸರೆತ್ತಿದ್ದಕ್ಕೆ ಅವನನ್ನು ಚೀಲದ ಸಮೇತ ಎತ್ತಿ ಬೀದಿಗೆ ಹಾಕಿದ್ದನಂತೆ. ಆ ಪಾಠದ ರಾತ್ರಿಯೇ ಅವನ ಹೆಸರು ಥ್ಯೂ ಆಯಿತು. ಕಿಚನ್ನಿನಲ್ಲೂ “ಏ ಥ್ಯೂ, ಉದ್ದು ಆಯ್ತಾ?” ಎಂದು ಕೂಗತೊಡಗಿದರು. ಅವನಿಗೆ ಒಳಗೊಳಗೇ ಖುಷಿ.

“ಈ ಶಬ್ದ ಸತ್ತು ಒಮ್ಮೆ ಎದ್ದು ಕೂತಿತ್ತು,” ಎಂದರು ಅವತ್ತಿನ ಪಾಠದ ಕೊನೆಗೆ ಮಾಸ್ತರರು. “ಜನ ಮರತೇಬಿಟ್ಟಿದ್ದರು. ಆಮ್ಯಾಲ ಒಬ್ಬ ದೊಡ್ಡ ಕಾದಂಬರಿಕಾರ ತನ್ನ ಪುಸ್ತಕದಾಗಿನ ಗಟ್ಟಿಮುಟ್ಟಿನ ಆಳುಗಳ ಸಲುವಾಗಿ ಎಬ್ಬಿಸಿದಾ. ಸ್ವಲ್ಪ ದಿನ ಓಡಾಡಿತು. ಈಗ ಮತ್ತ ಮಲಗೇದ. ಇದರ ಹುಟ್ಟು ಇನ್ನೂ ಛಂದದ, ಅದನ್ನ ನಾಳೆ ಹೇಳತೀನಿ.”

ಆ ನಾಳೆ ಸುಲಭದ್ದಾಗಿರಲಿಲ್ಲ.

ಅರವತ್ತರ ದಶಕ ಮುಗಿಯುತ್ತ ಬಂದಿದ್ದ ದಿನಗಳವು. ಮುಂಬಯಿಯಲ್ಲಿ ದಕ್ಷಿಣದವರ ಮೇಲೆ ಸಿಟ್ಟು ಹೊತ್ತಿಕೊಂಡಿತ್ತು. ನೌಕರಿಯನ್ನೆಲ್ಲ ಇವರೇ ಕಬಳಿಸಿದರು ಎನ್ನುವ ಮಾತು ಲೋಕಲ್ಲಿನಲ್ಲಿ, ಆಫೀಸಿನಲ್ಲಿ, ನಲ್ಲಿಯ ಹತ್ತಿರ. ನಾವು ಕನ್ನಡದವರು, ಅವರು ತಮಿಳಿನವರು ಎಂಬ ಭೇದವೆಲ್ಲ ಯಾರಿಗೆ ಬೇಕಿತ್ತು? ಎಲ್ಲರೂ ಮದ್ರಾಸಿಗಳೇ. ಲೇಡೀಸ್ ಡಬ್ಬಿಯಲ್ಲಿ ನಾನು ಬಾಯಿ ಮುಚ್ಚಿಕೊಂಡು ಕೂರುವುದು ಕಲಿತಿದ್ದೆ. ಯಾವುದೋ ಓಣಿಯಲ್ಲಿ ಹೋಟೆಲಿನ ಗಾಜು ಒಡೆದರು, ಇನ್ನೆಲ್ಲೋ ಬೋರ್ಡಿಗೆ ಡಾಂಬರು ಬಳಿದರು ಎಂಬ ಸುದ್ದಿ ಬರುತ್ತಲೇ ಇತ್ತು. ನಮ್ಮ ಹೋಟೆಲಿನಲ್ಲಿ ಧಣಿಗಳು ಕನ್ನಡದ ಬೋರ್ಡು ಇಳಿಸಿ ಒಳಗಿಟ್ಟಿದ್ದರು. ಕಿಚನ್ನಿನ ಕೆಲವರು ಹೊಡೆದಾಟಕ್ಕೆ ಬೇಕಾದೀತೆಂದು ಸೌದೆಯ ಸೀಳುಗಳನ್ನು ಬಾಗಿಲ ಸಂದಿಯಲ್ಲಿ ಜೋಡಿಸಿಟ್ಟಿದ್ದರು. ಸಂಜೀವನ ಅಕ್ಕನ ಗಂಡ, ಅವನ ಬಾವ, ಅದೇ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ. ಊರಿನಿಂದ ಇವನನ್ನು ಕರೆದುಕೊಂಡು ಬಂದು ಅನ್ನದ ದಾರಿ ತೋರಿಸಿದವನು ಅವನೇ. ಸಂಜೀವ ಊರಿಗೆ ಹೋದರೆ ಅಕ್ಕನಿಗೆ ಮುಖ ತೋರಿಸಬೇಕು.

ಥ್ಯೂ ಪಾಠದ ಮರುದಿನ ನಾನು ಬೇಗ ಬಂದಿದ್ದೆ. ಕಾರ್ಖಾನೆಯಲ್ಲಿ ಗಲಾಟೆಯಾದೀತೆಂದು ಹೊತ್ತಿಗೆ ಮುಂಚೆ ಛುಟ್ಟಿ ಕೊಟ್ಟಿದ್ದರು. ಮಾಸ್ತರರ ಪಾಠ ನಡೆದಿತ್ತು, ನಾನು ಹಿಂದೆ ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕೂತೆ. ಅವರು ಬೋರ್ಡಿನ ಮೇಲೆ ಮತ್ತೆ ಆ ಶಬ್ದ ಬರೆದರು. ಬರೆದು ತಿರುಗುವಷ್ಟರಲ್ಲಿ ಬೀದಿಯಲ್ಲಿ ಶಟರುಗಳು ಒಂದರ ಹಿಂದೊಂದು ಧಡಧಡ ಬೀಳುವ ಸದ್ದು ಬಂತು.

ಮುಂಬಯಿಯಲ್ಲಿ ಇದ್ದವರಿಗೆ ಆ ಸದ್ದು ಗೊತ್ತು. ಓಣಿಯ ಆ ತುದಿಯಿಂದ ಶುರುವಾಗಿ ಹತ್ತಿರ ಹತ್ತಿರ ಬರುತ್ತದೆ. ನಾನು ಕಿಟಕಿಯಿಂದ ಇಣುಕಿದೆ. ಗುಂಪು ತಿರುವಿನಲ್ಲಿತ್ತು. “ಬಂದ್ ಕರಾ! ಬಂದ್ ಕರಾ!” ಎಂದು ಕೂಗುತ್ತಿದ್ದರು. ಕೈಯಲ್ಲಿ ಕೋಲು, ಸೈಕಲ್ ಚೈನು. ನಮ್ಮ ಹೋಟೆಲಿನ ಶಟರು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಧಣಿಗಳು ಅದಕ್ಕೆ ಜೋತುಬಿದ್ದು ಎಳೆಯುತ್ತಿದ್ದರು. ಇಳಿಯಲಿಲ್ಲ. ಮೊದಲ ಕಲ್ಲು ಗಾಜಿನ ಕಪಾಟಿಗೆ ಬಿತ್ತು.

ಕೋಣೆಯಲ್ಲಿ ಎಲ್ಲರೂ ಎದ್ದರು. ಒಬ್ಬ ಬೆಂಚಿನ ಕಾಲು ಮುರಿಯಲು ನೋಡುತ್ತಿದ್ದ. ಕೆಳಗಿನಿಂದ ಪಾತ್ರೆಗಳು ಉರುಳಿದ ಸದ್ದು, ಬೈಗುಳ, ಅದರ ನಡುವೆ ಒಂದು ಗಂಟಲು ತುಳುವಿನಲ್ಲಿ ಕೂಗಿದ್ದು ಎಲ್ಲರಿಗೂ ಕೇಳಿಸಿತು. ಸಂಜೀವನ ಬಾವನ ಗಂಟಲು.

ಮಾಸ್ತರರು ಯಾವಾಗ ಹೋಗಿ ಬಾಗಿಲಲ್ಲಿ ನಿಂತರೋ ನಾನು ನೋಡಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಕೈಯಲ್ಲಿ ಸೀಮೆಸುಣ್ಣ.

ಸಂಜೀವ ಬೆಂಚುಗಳನ್ನು ಸರಿಸಿಕೊಂಡು ಬಂದ. ಅವರ ಮುಂದೆ ನಿಂತ. ಒಂದು ಕೈಯಿಂದ ಅವರನ್ನು ಅಕ್ಕಿಯ ಚೀಲದ ಹಾಗೆ ಎತ್ತಿ ಪಕ್ಕಕ್ಕಿಟ್ಟು ಇಳಿದುಹೋಗಬಹುದಿತ್ತು. ಅವನ ಮುಖ ಕೆಂಪಾಗಿತ್ತು, ಉಸಿರು ಬುಸುಗುಡುತ್ತಿತ್ತು. ಅಂಥ ಹೊತ್ತಿನಲ್ಲಿ ಅವನ ಬಾಯಿಂದ ಬಂದ ಮಾತು ಇದು:

“ಮೇ ಐ ಗೋ ಔಟ್, ಸರ್?”

ದಿನಾ ಹೇಳಿ ಹೇಳಿ ನಾಲಗೆಗೆ ಹತ್ತಿಹೋಗಿದ್ದ ಮಾತು. ಬಾಗಿಲು ಕಂಡೊಡನೆ ತಾನಾಗಿಯೇ ಬಂದುಬಿಟ್ಟಿತ್ತು.

“ನೋ,” ಎಂದರು ಮಾಸ್ತರರು.

“ಸರ್, ಬಾವ ಕೆಳಗಿದ್ದಾರೆ.”

“ಗೊತ್ತದ.”

“ಅವರಿಗೆ ಹೊಡೀತಾ ಇದ್ದಾರೆ ಸರ್! ಕೇಳುದಿಲ್ವಾ ನಿಮಗೆ?”

“ಕೇಳಸ್ತದ. ನೀ ಕೆಳಗ ಇಳದ್ರ ಇವತ್ತ ಯಾರರೆ ಸಾಯ್ತಾರ. ಒಂದೋ ನೀ, ಇಲ್ಲಾ ನಿನ್ನ ಕೈಯಾಗ ಸಿಕ್ಕಾವ. ನಿನ್ನ ಹಿಂದ ಇವರೆಲ್ಲಾ ಇಳೀತಾರ. ನಾ ಬಿಡೂದಿಲ್ಲ. ಯೂ ಮೇ ನಾಟ್ ಗೋ ಔಟ್.”

ನನಗೆ ತಡೆಯಲಾಗಲಿಲ್ಲ. “ಮಾಸ್ತರೇ, ಬಿಡಿ ಅವನನ್ನು! ಅವನ ಬಾವ ಅಲ್ಲಿ ಸಾಯ್ತಿದ್ದಾನೆ, ನೀವು ಇಲ್ಲಿ ಶಿಸ್ತು ಕಲಿಸ್ತೀರಾ?” ಎಂದು ಕಿರುಚಿದೆ. ಅವರು ನನ್ನ ಕಡೆ ನೋಡಲೂ ಇಲ್ಲ.

ಅವರು ನೋಡುತ್ತಿದ್ದದ್ದು ಸಂಜೀವನ ಮುಖವನ್ನು. ಅವನು ನಿಂತೇ ಇದ್ದ. ಕೂರಲಿಲ್ಲ, ಮುಂದಕ್ಕೂ ಬರಲಿಲ್ಲ. ಉತ್ತರ ಸಿಕ್ಕಿತ್ತು, ಆದರೆ ಆ ಉತ್ತರವನ್ನು ನುಂಗಲು ಅವನಿಂದ ಆಗುತ್ತಿರಲಿಲ್ಲ. ಕೈಗಳನ್ನು ಮುಷ್ಟಿ ಮಾಡುತ್ತಿದ್ದ, ಬಿಡುತ್ತಿದ್ದ. ಅವನ ಹಿಂದೆ ಉಳಿದವರು. ಯಾವ ಗಳಿಗೆಯಲ್ಲಿ ಏನಾಗುತ್ತದೋ ಎಂದು ನಾನು ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ.

ಆಗ ಮಾಸ್ತರರು ಪಾಠ ಮುಂದುವರಿಸಿದರು. ನನ್ನ ಮಾತು ನಂಬಲಿಕ್ಕಾಗದಿದ್ದರೆ ಸಂಜೀವನನ್ನು ಕೇಳಬಹುದು. ಕೆಳಗೆ ಮೇಜು ಮುರಿಯುತ್ತಿದ್ದಾರೆ, ಇಲ್ಲಿ ಇವರು ನಡುಗುವ ಗಂಟಲಿನಲ್ಲಿ ಥ್ಯೂ ಶಬ್ದದ ಹುಟ್ಟು ಹೇಳುತ್ತಿದ್ದಾರೆ.

“ನಿನ್ನೆ ಏನ ಹೇಳಿದೆ? ತೋಳಿನ ಕಸುವು ಅಂತ. ಮೊದಲ ಈ ಶಬ್ದಕ್ಕ ತೋಳಿನ ಸಂಬಂಧನಽ ಇರಲಿಲ್ಲ. ಸಾವಿರ ವರ್ಷದ ಹಿಂದ ಅಲ್ಲಿಯ ಜನ ಥ್ಯೂ ಅಂದ್ರ ರೂಢಿ ಅಂತಿದ್ರು. ಮನುಷ್ಯಾ ನಾಕು ಮಂದಿಯೊಳಗ ಹೆಂಗ ನಡಕೋತಾನ, ಆ ನಡತಿ. ಆಮ್ಯಾಲ ಒಳ್ಳೆ ನಡತಿ, ಒಳ್ಳೆ ಗುಣ ಅಂತಾತು. ಛಲೋ ಬೆಳೆಸಿದ ಮಗನಿಗೆ ಛಲೋ ಥ್ಯೂ ಇದ್ದಾವ ಅಂತಿದ್ರು. ಕೂಡ್ರು ಸಂಜೀವ.”

ಅವನು ಕೂರಲಿಲ್ಲ.

“ಹಂಗ ಸಾಗತಾ ಸಾಗತಾ ಮೈಯ ಗುಣಾನೂ ಅದರಾಗ ಸೇರಿತು. ಮನಸಿನ ಗುಣ ಒಂದೊಂದಽ ಉದುರಿತು. ಕಡೀಕ ಬರೇ ಖಂಡ ಉಳೀತು. ಆಮ್ಯಾಲ ಮಂದಿ ಆ ಶಬ್ದಾನೂ ಕೈಬಿಟ್ರು.” ಅವರಿಗೆ ಏದುಸಿರು ಬಂತು. ಮಾತು ನಿಂತಿತು. ಗೋಡೆ ಹಿಡಿದುಕೊಂಡು ಸ್ವಲ್ಪ ಹೊತ್ತು ಎದೆ ಸರಿಮಾಡಿಕೊಂಡರು. ಬಾಗಿಲು ಬಿಡಲಿಲ್ಲ. “ಕೂಡ್ರಪಾ ತಮ್ಮಾ. ನಿನ್ನ ಕಾಲ ಬೀಳತೀನಿ, ಕೂಡ್ರು.”

ಸಂಜೀವ ಬೆಂಚಿನ ಮೇಲೆ ಕುಸಿದ. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಅಷ್ಟು ದೊಡ್ಡ ದೇಹ ಅಳುವಾಗ ನೋಡುವುದಕ್ಕಾಗುವುದಿಲ್ಲ.

ಗುಂಪು ಬಂದಷ್ಟೇ ಬೇಗ ಮುಂದಿನ ಹೋಟೆಲಿಗೆ ಹೋಯಿತು. ಸದ್ದು ದೂರವಾದ ಮೇಲೆ ಮಾಸ್ತರರು ತಾವಾಗಿ ಬಾಗಿಲಿನಿಂದ ಸರಿದು, “ಯೂ ಮೇ ಗೋ,” ಎಂದರು. ಸಂಜೀವ ಅವರ ಕಡೆ ನೋಡದೆ ಮೆಟ್ಟಿಲು ಧಡಧಡ ಇಳಿದ.

ಕೆಳಗೆ ಕಾಲಿಡಲು ಜಾಗವಿರಲಿಲ್ಲ. ಗಾಜು, ಸಾಂಬಾರು, ಹಿಟ್ಟು. ಧಣಿಗಳು ಮುರಿದ ಕುರ್ಚಿಯ ಮೇಲೆ ಸುಮ್ಮನೆ ಕೂತಿದ್ದರು. ಬಾವ ಕಾಣಲಿಲ್ಲ. ಆಮೇಲೆ ಪಕ್ಕದ ಟೈಲರ್ ಅಂಗಡಿಯ ಶಟರು ಮೇಲೇರಿತು. ಅಂಗಡಿಯ ಮರಾಠಿ ಮುದುಕ, ಬೆಳಿಗ್ಗೆಯಿಂದ ಸಂಜೆಯವರೆಗೆ ನಮ್ಮ ಹೋಟೆಲಿನ ಚಹಾ ಕುಡಿದು ಅದು ಚೆನ್ನಾಗಿಲ್ಲವೆಂದು ಗೊಣಗುವವನು, ಬಾವನನ್ನು ಗಲಾಟೆಯ ನಡುವಿನಿಂದ ಎಳೆದುಕೊಂಡು ಹೋಗಿ ಒಳಗೆ ಬಚ್ಚಿಟ್ಟುಕೊಂಡಿದ್ದ. ಬಾವನ ಬಲಗೈ ಮುರಿದಿತ್ತು. ಹಣೆಯಿಂದ ರಕ್ತ ಇಳಿದಿತ್ತು. ಜೀವ ಉಳಿದಿತ್ತು.

ಆ ಕೈ ಕೂಡಿತು, ಆದರೆ ಮೊದಲಿನ ಹಾಗಾಗಲಿಲ್ಲ. ಮತ್ತೆ ಅವನು ಕಾವಲಿಯ ಮುಂದೆ ನಿಲ್ಲಲಿಲ್ಲ, ಊರಿಗೆ ಹೋಗಿಬಿಟ್ಟ. ಸಂಜೀವ ಇಳಿದಿದ್ದರೆ ಬಾವನ ಕೈ ಉಳಿಯುತ್ತಿತ್ತೇ? ಇಲ್ಲ, ಇವನೇ ಹೆಣವಾಗಿ ಅಕ್ಕನ ಮನೆಗೆ ಹೋಗುತ್ತಿದ್ದನೇ? ಮಾಸ್ತರರು ಮಾಡಿದ್ದು ಸರಿಯೋ ತಪ್ಪೋ ನನಗೆ ಇವತ್ತಿಗೂ ತೀರ್ಮಾನಕ್ಕೆ ಬರಲಾಗಿಲ್ಲ. ಸರಿ ಎಂದುಕೊಂಡ ದಿನ ಬಾವನ ಕೈ ಕಣ್ಣಮುಂದೆ ಬರುತ್ತದೆ.

ಒಂದು ದಿನ ಅವರನ್ನೇ ಕೇಳಿದೆ. “ಆ ಶಬ್ದದ ಕಥೆ ನಿಜವೋ, ಅಥವಾ ಅವನನ್ನು ತಡೆಯೋಕೆ ಆಗಿಂದಾಗ ಕಟ್ಟಿದ್ದೋ?”

ಅವರಿಗೆ ಸಿಟ್ಟು ಬಂತು. “ಶಬ್ದದ ವಿಷಯದಾಗ ನಾ ಸುಳ್ಳ ಹೇಳೂದಿಲ್ರಿ. ಬೇಕಾದ್ರ ಡಿಕ್ಷನರಿ ನೋಡ್ರಿ.” ಲವಂಗ ಅಗಿಯುತ್ತ ಹೇಳಿದರು: “ನಾ ಏನೋ ದೊಡ್ಡ ಉಪದೇಶ ಮಾಡಿದೆ ಅಂತ ತಿಳಕೋಬ್ಯಾಡ್ರಿ ಬಾಯಾರ. ಹೆದರಿಕಿಗೆ ನನಗ ಎಲ್ಲಾ ಮರತುಹೋಗಿತ್ತು. ಆ ಪಾಠ ಒಂದ ಬಾಯಾಗ ಉಳದಿತ್ತು. ಮಾತು ನಿಲ್ಲಿಸಿದ್ರ ಅವಾ ಹೋಗತಾನ ಅಂತ ಗೊತ್ತಿತ್ತು. ಅದಕ್ಕ ಹೇಳಕೋತ ನಿಂತೆ.”

ಸಂಜೀವ ಶಾಲೆಗೆ ಬರುವುದನ್ನು ಬಿಟ್ಟ. ಹೋಟೆಲು ಮತ್ತೆ ಶುರುವಾಯಿತು, ಹೊಸ ಗಾಜು ಬಂತು, ಅವನು ಕೆಳಗೆ ಹಿಟ್ಟು ಕಡೆಯುತ್ತಲೇ ಇದ್ದ. ಆದರೆ ಮೆಟ್ಟಿಲು ಹತ್ತಲಿಲ್ಲ. ಯಾರಾದರೂ ಥ್ಯೂ ಎಂದು ಕರೆದರೆ ಹೊಡೆಯಲು ಬರುತ್ತಿದ್ದ.

ಮಾಸ್ತರರು ಆಗ ಮಾಡಿದ್ದನ್ನು ನಾನು ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಕಾಫಿ ಕುಡಿಯುತ್ತ ದಿನಾ ನೋಡುತ್ತಿದ್ದೆ; ಅಲ್ಲಿಂದ ಕಿಚನ್ನಿನ ಬಾಗಿಲು ಕಾಣುತ್ತಿತ್ತು. ಸಂಜೆ ಪಾಠಕ್ಕೆ ಹತ್ತುವ ಮುಂಚೆ ಅವರು ಕಡೆಯುವ ಕೋಣೆಯ ಹೊಸಿಲಿನ ಹತ್ತಿರ ಹೋಗಿ ನಿಲ್ಲುವರು. “ಮೇ ಐ ಕಮ್ ಇನ್?” ಎನ್ನುವರು. ಒಳಗಿನಿಂದ ಉತ್ತರವಿಲ್ಲ. ಕಲ್ಲು ತಿರುಗುವ ಸದ್ದು ಜೋರಾಗುತ್ತಿತ್ತು, ಅಷ್ಟೇ. ಇವರು ಕೊಡೆ ಹಿಡಿದುಕೊಂಡು ನಿಂತೇ ಇರುವರು. ಸಪ್ಲೈಯರ್‌ಗಳು ಬಿಸಿ ಪಾತ್ರೆ ಹಿಡಿದು “ಸೈಡ್, ಸೈಡ್” ಎಂದು ಇವರನ್ನು ತಳ್ಳಿಕೊಂಡು ಓಡಾಡುತ್ತಿದ್ದರು. ಪಾಠದ ಹೊತ್ತಾದೊಡನೆ ಸುಮ್ಮನೆ ತಿರುಗಿ ಮೆಟ್ಟಿಲು ಹತ್ತುವರು. ಮರುದಿನ ಮತ್ತೆ ಅಲ್ಲಿಯೇ.

“ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟು ಮಾತಾಡಬಾರದೇ?” ಎಂದೆ.

“ಅವನ ಖೋಲಿ ಅದು. ಅವಾ ಒಲ್ಲೆ ಅನ್ನಬಹುದು. ನಾ ಅವಂಗ ನೋ ಅಂದಿಲ್ಲೇನು?”

ಎಷ್ಟು ದಿನ ಹೀಗೆ ನಡೆಯಿತೋ. ಒಂದು ಮಳೆಯ ಸಂಜೆ ಕಲ್ಲಿನ ಸದ್ದು ಒಮ್ಮೆಗೇ ನಿಂತಿತು. ನಾನು ಕಾಫಿಯ ಲೋಟ ಕೆಳಗಿಟ್ಟೆ. ಒಳಗಿನಿಂದ ಸಂಜೀವ, “ಕೆಳಗೆ ಹಿಟ್ಟು ಚೆಲ್ಲಿದೆ ಸರ್. ಜಾರ್ತದೆ. ಮೆಲ್ಲ ಬನ್ನಿ,” ಎಂದ.

ಮಾಸ್ತರರು ಒಂದು ಕಾಲೆತ್ತಿದವರು ಮತ್ತೆ ಇಳಿಸಿದರು. “ಇಂಗ್ಲಿಷಿನಾಗ ಹೇಳಪಾ.”

ನನಗೆ ಅವರ ತಲೆಯ ಮೇಲೆ ಒಂದು ಮೊಟಕಬೇಕೆನಿಸಿತು. ಇಷ್ಟು ದಿನಕ್ಕೆ ಅವನು ಬಾಯಿಬಿಟ್ಟಿದ್ದಾನೆ, ಈ ಮನುಷ್ಯ ವ್ಯಾಕರಣ ಕೇಳುತ್ತಾನೆ! ಆಮೇಲೆ ದಪ್ಪ ಗಂಟಲಿನಲ್ಲಿ “ಯೂ ಮೇ ಕಮ್ ಇನ್, ಸರ್” ಎಂದು ಕೇಳಿಸಿತು. ಒಳಗೆ ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ಹೊರಗೆ ಬಂದಾಗ ಮಾಸ್ತರರ ಕೋಟಿಗೆಲ್ಲ ಉದ್ದಿನ ಹಿಟ್ಟು ಮೆತ್ತಿತ್ತು. ಆ ಸಂಜೆ ಸಂಜೀವ ಮೆಟ್ಟಿಲು ಹತ್ತಿ ಬಂದು ತನ್ನ ಹಳೆಯ ಬೆಂಚಿನಲ್ಲಿ ಕೂತ.

ಕೆಲವು ವರ್ಷಗಳ ಮೇಲೆ ಮಾಸ್ತರರು ಅಚ್ಚುಕೂಟದಿಂದ ನಿವೃತ್ತರಾದರು. ಮದುವೆಯಾದವರಲ್ಲ, ಗಿರಗಾಂವಿನ ಚಾಳಿನ ಕೋಣೆ ಬಿಟ್ಟು ಧಾರವಾಡದ ಅಕ್ಕನ ಮನೆಗೆ ಹೊರಟರು. ಗಾಡಿ ಹಿಡಿಯಲು ವಿ.ಟಿ. ಸ್ಟೇಷನ್ನಿಗೆ ಹೋಗುವ ಮುಂಚೆ ಶಾಲೆಗೆ ಬಂದು ಕೊನೆಯ ಪಾಠ ಮಾಡಿದರು. ಯಾರೂ ಹಾರ ತರಬಾರದು, ಭಾಷಣ ಮಾಡಬಾರದು ಎಂದು ಮೊದಲೇ ತಾಕೀತು ಮಾಡಿದ್ದರು. ಪಾಠ ಮುಗಿಸಿ ಬೋರ್ಡು ಒರೆಸಿ, ಚೀಲ ಹೆಗಲಿಗೇರಿಸಿ, ಕೊಡೆ ಕಂಕುಳಲ್ಲಿಟ್ಟುಕೊಂಡು ಬಾಗಿಲ ಹತ್ತಿರ ಹೋದರು. ತಿರುಗಿ ನಿಂತರು.

“ಮೇ ಐ ಗೋ ಔಟ್?”

ಎಷ್ಟೋ ಸಂಜೆ ಒಂದೇ ಗಂಟಲಿನಲ್ಲಿ ಕೂಗಿದ ಕೋಣೆ. ಅವತ್ತು ಫ್ಯಾನಿನ ಕಿರ್ರೆನ್ನುವ ಸದ್ದು ಮಾತ್ರ ಕೇಳುತ್ತಿತ್ತು. ಆಗ ಹಿಂದಿನ ಬೆಂಚಿನಿಂದ ಸಂಜೀವ ತಲೆಯೆತ್ತದೆ ಹೇಳಿದ:

“ನೋ, ಸರ್.”

ಯಾರೂ ನಗಲಿಲ್ಲ. ಮಾಸ್ತರರೂ ನಗಲಿಲ್ಲ. ಗಾಡಿಗೆ ಹೊತ್ತಾಗುತ್ತಿತ್ತು. ಅವರು ಗಡಿಯಾರ ನೋಡಿದರು, ಸಂಜೀವನನ್ನು ನೋಡಿದರು, ಮತ್ತೆ ಗಡಿಯಾರ ನೋಡಿದರು. ಹೊಸಿಲು ದಾಟಲಿಲ್ಲ. ಇವನು ಹೂಂ ಅನ್ನುವವನಲ್ಲ, ಅವರು ಹೂಂ ಅನ್ನಿಸಿಕೊಳ್ಳದೆ ಹೋಗುವವರಲ್ಲ. ಚೀಲದ ಭಾರಕ್ಕೆ ಅವರ ಹೆಗಲು ಒಂದು ಕಡೆ ವಾಲುತ್ತಿತ್ತು. ನನಗೆ ನೋಡಲಾಗಲಿಲ್ಲ.

“ಯೂ ಮೇ ಗೋ, ಸರ್,” ಎಂದೆ ನಾನು.

ಅವರು ನನಗೆ ಕೈಮುಗಿದು, “ಬರತೀನ್ರಿ ಬಾಯಾರ,” ಎಂದು ಇಳಿದುಹೋದರು. ಮೆಟ್ಟಿಲ ಮೇಲೆ ಅವರ ಕೊಡೆಯ ತುದಿ ತಾಗುವ ಸದ್ದು ಕೆಳಗಿನ ತನಕ ಕೇಳಿಸಿತು. ಆಮೇಲೆ ನಾನು ಅವರನ್ನು ಕಾಣಲಿಲ್ಲ.

ಹೋದ ಭಾನುವಾರ ಸಂಜೀವ ಅದನ್ನೇ ಎತ್ತಿದ. ಈಗ ಅವನಿಗೂ ಕಿವಿಯ ಹತ್ತಿರ ನರೆ. ಹೋಟೆಲಿಗೆ ಕರೆಂಟಿನ ಕಲ್ಲು ಬಂದ ಮೇಲೆ ಅವನು ಗಲ್ಲೆಯ ಮೇಲೆ ಕೂರುತ್ತಾನೆ, ರಸೀದಿ ಬರೆಯುತ್ತಾನೆ.

“ಅವತ್ತು ನೀವು ಎಂತಕ್ಕೆ ಹೋಗಿ ಅಂದದ್ದು, ಟೀಚರ್? ನೀವು ಹೇಳದಿದ್ರೆ ಅವರು ಹೋಗ್ತಿರ್ಲಿಲ್ಲ.”

“ಗಾಡಿ ತಪ್ಪಿಹೋಗ್ತಿತ್ತು ಮಾರಾಯ.”

“ತಪ್ಲಿ. ನಾಳೆ ಹೋಗ್ಬಹುದಿತ್ತಲ್ಲ,” ಎಂದ. ಅವನ ದನಿಯಲ್ಲಿ ನನ್ನ ಮೇಲೆ ನಿಜವಾಗಿಯೂ ಸಿಟ್ಟಿತ್ತು. “ನಾನು ಒಂದು ದಿನ ಅವರನ್ನು ತಡೀಬೇಕು ಅಂತಿದ್ದೆ. ಒಂದೇ ದಿನ. ಅವರು ನನ್ನನ್ನು ತಡೀಲಿಲ್ವಾ?”

ಸೊಪ್ಪು ಪೂರಾ ಬಿಡಿಸಿ ಆಗಿತ್ತು, ಕಡ್ಡಿಗಳನ್ನೂ ಎಲೆಗಳನ್ನೂ ಬೆರೆಸಿಬಿಟ್ಟಿದ್ದೆ. ಅವನು ಎದ್ದ. ಬಾಗಿಲ ಹತ್ತಿರ ಹೋಗಿ ಚಪ್ಪಲಿ ಮೆಟ್ಟಲು ಹೊರಟವನು ನಿಂತ. ತಿರುಗಿದ. ಆ ದೊಡ್ಡ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡ.

“ಮೇ ಐ ಗೋ, ಟೀಚರ್?”

“ನೋ,” ಎಂದೆ. “ಕೂತ್ಕೋ. ಊಟ ಮಾಡ್ಕೊಂಡು ಹೋಗು.”

ಅವನು ಒಳಗೆ ಬಂದು ಕೂತ.